ಲಾಭದಿಂದ ಎಣಿಸಿದ ಪ್ಯಾಂಟು

ರಾಯದುರ್ಗದಲ್ಲಿ ಪ್ಯಾಂಟಿನ ಕೆಲಸ ಮಾಡದವರ ಪಟ್ಟಿ ಮಾಡಿದರೆ ಬೆಟ್ಟದ ಮೇಲಿನ ದೇವರು ಮತ್ತು ನಾನು, ಇಬ್ಬರೇ ಉಳಿಯುತ್ತಿದ್ದ ಕಾಲ ಅದು. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ಮಿಷಿನ್ನು, ಜಗಲಿ ತುಂಬ ನೀಲಿ ಬಟ್ಟೆಯ ಚೂರು. ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರ ಡಿ.ಟಿ.ಪಿ. ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಕರೆಂಟ್ ಆಫೀಸಿನ ಅರ್ಜಿ, ಎಲ್ಲವನ್ನೂ ಟೈಪು ಮಾಡುತ್ತಿದ್ದೆ. ಊರಲ್ಲಿ ಕಂಪ್ಯೂಟರ್ ಮುಟ್ಟಿದವರು ನಾಲ್ಕೇ ಜನ, ಆ ನಾಲ್ವರಲ್ಲಿ ನಾನೇ ಬುದ್ಧಿವಂತ ಎಂಬುದು ನನ್ನ ನಂಬಿಕೆ. ಆ ನಂಬಿಕೆ ಮುರಿದವಳು ಕದರಮ್ಮ. ಅವಳ ಕಥೆ ಹೇಳುತ್ತೇನೆ. ನಡುನಡುವೆ ನನ್ನ ಮರ್ಯಾದೆಯೂ ಹೋಗುತ್ತದೆ, ಹೋಗಲಿ.

ಕದರಮ್ಮ ಮಡಕಶಿರದ ಕಡೆಯವಳು, ಅಲ್ಲಿನ ಗುಡಿಬಂಡೆಯ ಪಕ್ಕದ ಹಳ್ಳಿ. ಅವಳಪ್ಪ ಮರುಳಪ್ಪ ಸಂತೆಯಲ್ಲಿ, ಕಣದಲ್ಲಿ ಕಾಳು ಅಳೆದುಕೊಡುತ್ತಿದ್ದವನು. ಅಳೆಯುವುದೆಂದರೆ ಹುಡುಗಾಟವಲ್ಲ. ಸೇರು ತುಂಬಬೇಕು, ತಲೆ ಸವರಬೇಕು, ಚೀಲಕ್ಕೆ ಸುರಿಯಬೇಕು, ಮಾರುವವನಿಗೂ ಕೊಳ್ಳುವವನಿಗೂ ಕೇಳಿಸುವಂತೆ ರಾಗವಾಗಿ ಎಣಿಸಬೇಕು. ನಮ್ಮ ಕಡೆ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಬಾಯಿಂದ ಬರುವ ಮೊದಲ ಮಾತು ಶುಭವಾಗಿರಲಿ ಎಂಬ ಆಸೆ. ಅಪ್ಪನ ಪಕ್ಕ ಕೂತು ಬೆಳೆದ ಕದರಮ್ಮನಿಗೆ ನಾಲಿಗೆಗೆ ಹತ್ತಿದ್ದು ಇದೇ ಎಣಿಕೆ. ಶಾಲೆಯಲ್ಲಿ ಒಂದರ ಮಗ್ಗಿಯನ್ನು ‘ಲಾಭೊಂದ್ಲ ಲಾಭ’ ಎಂದು ಶುರುಮಾಡಿ ಮೇಷ್ಟ್ರಿಂದ ಏಟು ತಿಂದವಳಂತೆ. ಏಟು ತಿಂದಳು, ಎಣಿಕೆ ಬದಲಾಯಿಸಲಿಲ್ಲ.

ಅವಳನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ಶಿವರಾಮ ಓಬಳಾಪುರದ ಕಡೆ ಅದಿರು ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ತಲೆಯಿಂದ ಪಾದದವರೆಗೆ ಕೆಂಪಾಗಿ ಮನೆಗೆ ಬರುತ್ತಿದ್ದ. ಮಗಳು ಅಂಜನಾ ಎರಡು ವರ್ಷದವಳಾದಾಗ ಕದರಮ್ಮ ಮಗುವನ್ನು ಅತ್ತೆ ಅಂಬಮ್ಮನ ಮಡಿಲಿಗೆ ಹಾಕಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ನಮ್ಮೂರಲ್ಲೇ ಹೊಲಿಗೆ ಇರುವಾಗ ಬೆಂಗಳೂರೇಕೆ ಎಂದು ಕೇಳಬೇಡಿ. ಇಲ್ಲಿ ಮೂರು ತಿಂಗಳು ಕೆಲಸ, ಮೂರು ತಿಂಗಳು ಆಕಳಿಕೆ. ಅಲ್ಲಿ ತಿಂಗಳು ತಿಂಗಳೂ ಸಂಬಳ. ಆದರೆ ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹದಿನಾಲ್ಕನೇ ಲೈನು, ಮೂವತ್ತಾರನೇ ಮಿಷಿನು. ಸೂಪರ್‌ವೈಸರ್ ದೂರದಿಂದ “ಹದಿನಾಲ್ಕು, ಮೂವತ್ತಾರೂ” ಎಂದು ಕೂಗಿದರೆ ಇವಳು ತಲೆ ಎತ್ತಬೇಕು.

ನಾಲ್ಕು ವರ್ಷ ಹಾಗೇ ನಡೆಯಿತು. ಅಷ್ಟರಲ್ಲಿ ಅಂಜನಾ ಅಜ್ಜಿಯನ್ನೇ ‘ಅವ್ವ’ ಎಂದು ಕರೆಯಲು ಕಲಿತಿದ್ದಳು. ತಿಂಗಳಿಗೊಮ್ಮೆ ಬಂದು ಹೋಗುವ ಹೆತ್ತವಳು ‘ಬೆಂಗ್ಳೂರವ್ವ’. ಓಣಿಯವರು ಇದನ್ನು ಕೇಳಿ ನಗುತ್ತಿದ್ದರು, ಕದರಮ್ಮನೂ ಅವರ ಜೊತೆ ನಗುತ್ತಿದ್ದಳು. ಆ ನಗು ಸುಳ್ಳು ಎಂದು ಅಂಬಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಬೆರಳಿಗೆ ಸೂಜಿ ಹೊಕ್ಕು, ಕೀವಾಗಿ, ಒಂದು ತಿಂಗಳ ರಜೆಯ ಮೇಲೆ ಅವಳು ಊರಿಗೆ ಬಂದಾಗಲೇ ದೊಡ್ಡಮಲ್ಲಪ್ಪನವರ ಯೂನಿಟ್ಟಿಗೆ ಕಂಪ್ಯೂಟರ್ ಬಂದದ್ದು.

ದೊಡ್ಡಮಲ್ಲಪ್ಪನವರು ಹಳೆಯ ಕಾಳಿನ ಮಂಡಿ ಮುಚ್ಚಿ ಜೀನ್ಸಿಗೆ ಇಳಿದ ಸಾವುಕಾರರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. ಅವರಿಗೆ ಆರ್ಡರು ಕೊಡುವ ಬೆಂಗಳೂರಿನ ಕಂಪನಿಯವರು ಒಂದು ಕಂಪ್ಯೂಟರನ್ನೂ ಒಂದು ಸಿ.ಡಿ.ಯನ್ನೂ ಕಳಿಸಿದ್ದರು. ಪ್ಯಾಂಟಿನ ತುಂಡುಗಳು ಬಟ್ಟೆಯ ಮೇಲೆ ಹೇಗೆ ಕೂರುತ್ತವೆ ಎಂದು ಕತ್ತರಿಸುವ ಮೊದಲೇ ಪರದೆಯ ಮೇಲೆ ಬಣ್ಣದಲ್ಲಿ ತೋರಿಸುವ ಪ್ರೋಗ್ರಾಮ್ ಅದು. ತೋರಿಸುವ ಕೆಲಸ ಅದರದ್ದು, ತುಂಡುಗಳನ್ನು ಬರೆದುಕೊಡುವ ಕೆಲಸ ನಮ್ಮದು. ಸಾವುಕಾರರು ನನ್ನನ್ನು ಕರೆಸಿದರು. ನಾನು ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋದೆ.

ಬರೆಯುವ ಕ್ರಮ ಹೀಗೆ. ಒಂದು ಫೈಲಿನಲ್ಲಿ ಮೇಲ್ಗಡೆ ಎಲ್ಲ ತುಂಡುಗಳ ಎಲ್ಲ ಮೂಲೆಗಳ ಪಟ್ಟಿ. ಒಂದು ಸಾಲಿಗೆ ಒಂದು ಮೂಲೆ. ಬಲಕ್ಕೆ ಎಷ್ಟು ಇಂಚು, ಮೇಲಕ್ಕೆ ಎಷ್ಟು ಇಂಚು, ಎರಡೇ ಅಂಕಿ. ಕೆಳಗಡೆ ತುಂಡುಗಳ ಪಟ್ಟಿ; ಈ ತುಂಡಿಗೆ ಎಷ್ಟು ಮೂಲೆ, ಅವು ಮೇಲಿನ ಪಟ್ಟಿಯಲ್ಲಿ ಎಷ್ಟೆಷ್ಟನೆಯವು, ಸುತ್ತ ಬರುವ ಕ್ರಮದಲ್ಲಿ. ಪ್ರೋಗ್ರಾಮ್ ಒಂದೊಂದೇ ಮೂಲೆ ಹಿಡಿದು ಗೆರೆ ಎಳೆದು, ಮೊದಲಿನ ಮೂಲೆಗೆ ವಾಪಸು ಬಂದು, ಒಳಗೆ ಬಣ್ಣ ತುಂಬುತ್ತದೆ. ಹೈಸ್ಕೂಲಿನಲ್ಲಿ ಬಹುಭುಜ ಎಂದು ಬರೆಸಿ ನಮ್ಮ ಪ್ರಾಣ ತೆಗೆದರಲ್ಲ, ಅದೇ.

ಮೊದಲ ಜಗಳ ತೆಗೆದವರು ಕಟಿಂಗ್ ಮಾಸ್ತರ ಜಂಬಯ್ಯ. ಮೂವತ್ತು ವರ್ಷದ ರಟ್ಟಿನ ಅಚ್ಚುಗಳನ್ನು ಮೊಳೆಗೆ ನೇತುಹಾಕಿಕೊಂಡು, ಹೆಂಡತಿಗೂ ಮುಟ್ಟಲು ಬಿಡದ ಮನುಷ್ಯ. ಈ ಪ್ರೋಗ್ರಾಮಿಗೆ ನೆಟ್ಟಗಿನ ಗೆರೆ ಮಾತ್ರ ಗೊತ್ತು, ಬಾಗಿದ ಜಾಗವನ್ನು ಚಿಕ್ಕ ಚಿಕ್ಕ ಗೆರೆಗಳಾಗಿ ಒಡೆಯಬೇಕು ಎಂದೆ.

“ಏನಂದ್ರಿ? ತೊಡಿ ಸಂದಿನ ಈ ಬಾಗು ನಮ್ಮ ಗುರುಗಳು ಕೈ ಹಿಡದು ಕಲಿಸಿದ್ದು. ಇದನ್ನ ಹುರುಳಿಕಾಯಿ ಹೆಚ್ಚಿದಂಗ ಹೆಚ್ಚತೀರೇನ್ರಿ?”

“ಕಾಣೋದಿಲ್ಲ ಮಾಸ್ತರ. ಹತ್ತಿರ ಹತ್ತಿರ ಹದಿನೈದು ಮೂಲಿ ಕೊಟ್ರ ದುಂಡಗ ಕಾಣತೈತಿ.”

“ಹಾಕ್ಕೊಂಡೋನಿಗೆ ಚುಚ್ಚಿದ್ರ ನನ್ನ ಕೇಳಬ್ಯಾಡ್ರಿ ಮತ್ತ!”

ಎರಡನೆಯ ಜಗಳ ಇನ್ನೂ ದೊಡ್ಡದು. ಸಿ.ಡಿ. ಜೊತೆಗಿದ್ದ ಪುಸ್ತಕದಲ್ಲಿ ಮೂಲೆಗಳ ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರು ಎಂದಿತ್ತು. ಪಟ್ಟಿಯ ಮೊದಲ ಮೂಲೆ ಸೊನ್ನೆಯದು. ನನಗೂ ಅರ್ಥವಾಗಿರಲಿಲ್ಲ, ಆದರೆ ಅರ್ಥವಾದವನ ಗತ್ತಿನಲ್ಲಿ ಹೇಳಿದೆ.

“ಕಣ್ಣಿಗೆ ಕಾಣೋ ಮೂಲಿ ಸೊನ್ನಿ ಹೆಂಗಾಕೈತ್ರಿ?” ಎಂದು ಜಂಬಯ್ಯ ರಟ್ಟನ್ನು ನನ್ನ ಮುಖಕ್ಕೆ ಹಿಡಿದರು. “ಮುಟ್ಟಿ ನೋಡ್ರಿ! ಐತೋ ಇಲ್ಲೋ? ನಾಳಿಗೆ ನೀವು ಬಂದು, ಮಾಸ್ತರ, ನೀವೂ ಸೊನ್ನಿ ಅಂತೀರಿ.”

ಮೂಲೆಯಲ್ಲಿ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದ ಕದರಮ್ಮ ತಲೆ ಎತ್ತಿದಳು. ರಜೆಯಲ್ಲಿ ಸುಮ್ಮನೆ ಕೂರಲಾರದೆ ಬರುತ್ತಿದ್ದಳು.

“ಅದು ಲಾಭ ಕಣಣ್ಣ,” ಎಂದಳು. “ಮೊದಲ್ನೇದ್ಕೆ ಒಂದು ಅನ್ನಬಾರ್ದು ಅಂತ ಆ ಮಿಷಿನ್ಗೂ ಗೊತ್ತೈತೆ.”

ದೊಡ್ಡಮಲ್ಲಪ್ಪನವರು ಎಲೆಅಡಿಕೆ ಉಗುಳಿ ಬಂದರು. ಮಂಡಿಯಲ್ಲಿ ನಲವತ್ತು ವರ್ಷ ‘ಲಾಭ’ ಕೇಳಿಸಿಕೊಂಡ ಕಿವಿ ಅವರದು. “ಆಹಾ! ಲಾಭದಿಂದ ಎಣಸ್ತೈತೇನು? ನಾನು ಇದನ್ನ ಯಾವುದೋ ಮ್ಲೇಚ್ಛ ಯಂತ್ರ ಅಂದ್ಕೊಂಡಿದ್ನಲ್ಲೋ!” ಎಂದು ಮಾನಿಟರಿಗೆ ಕುಂಕುಮ ಇಟ್ಟು, ಬಾಗಿಲಲ್ಲಿ ತೆಂಗಿನಕಾಯಿ ಒಡೆದರು. ಜಂಬಯ್ಯ ಕೂಡ ಸೊನ್ನೆಯನ್ನು ಒಪ್ಪಿದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಮುಚ್ಚುಮರೆ ಇಲ್ಲ. ನಾನು ಅರ್ಧ ಗಂಟೆ ಹೇಳಿದರೂ ಇಳಿಯದ ಮಾತು ಇವಳ ಒಂದು ಪದಕ್ಕೆ ಇಳಿಯಿತಲ್ಲ ಎಂದು.

“ಬಾರವ್ವ ಇಲ್ಲಿ,” ಎಂದರು ಸಾವುಕಾರರು. “ಈ ಕೆಲಸ ನೀನೇ ಮಾಡು. ಗುರುವಾರ ಬೆಂಗಳೂರಿನ ಕಂಪನಿಯೋರು ನೋಡಾಕ ಬರ್ತಾರ. ಪ್ಯಾಂಟು ನೆಟ್ಟಗ ಕಂಡ್ರ ವರ್ಷಪೂರ್ತಿ ಆರ್ಡರು, ಈ ಕುರ್ಚಿ ನಿನ್ದು. ಕಾಣಲಿಲ್ಲಂದ್ರ ಕಂಪ್ಯೂಟರ್ ವಾಪಸ್ ಒಯ್ತಾರ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ಲ, ತಾಯಿ.”

ಆ ಗುರುವಾರದ ಮಹತ್ವ ನನಗೆ ಆಮೇಲೆ ತಿಳಿಯಿತು. ಶನಿವಾರ ಬೆಳಿಗ್ಗೆ ಮಿಷಿನ್ನಿನ ಮುಂದೆ ಇರದಿದ್ದರೆ ಹೆಸರು ತೆಗೆಯುತ್ತೇವೆ ಎಂದು ಬೆಂಗಳೂರಿನ ಫ್ಯಾಕ್ಟರಿಯವರು ಹೇಳಿದ್ದರು. ಅಂಬಮ್ಮ ಶುಕ್ರವಾರದ ಬಸ್ಸಿಗೆಂದು ಚಟ್ನಿಪುಡಿ ಕುಟ್ಟಿ ಡಬ್ಬಿಗೆ ತುಂಬಿಯಾಗಿತ್ತು. ಕುರ್ಚಿ ಸಿಕ್ಕರೆ ಚಟ್ನಿಪುಡಿ ಮನೆಯಲ್ಲೇ ಖರ್ಚಾಗುತ್ತದೆ, ಸಿಗದಿದ್ದರೆ ಅದೂ ಕದರಮ್ಮನೂ ಒಂದೇ ಬಸ್ಸಿನಲ್ಲಿ ಹೊರಡಬೇಕು.

ಎರಡು ದಿನ ನಾನೂ ಅವಳೂ ಮೂಲೆಗಳ ಪಟ್ಟಿ ಮಾಡಿದೆವು. ಚೌಕಳಿ ಹಾಳೆಯ ಮೇಲೆ ರಟ್ಟು ಇಟ್ಟು ಅವಳು ಇಂಚು ಓದುವಳು, ನಾನು ಟೈಪು ಮಾಡುವೆನು. ಹನ್ನೊಂದು ತುಂಡು, ನೂರ ಎಂಬತ್ತೇಳು ಮೂಲೆ. ಅವಳು ಓದುತ್ತಿದ್ದುದೂ ಅಳೆಯುವ ರಾಗದಲ್ಲೇ. ಮೂರನೆಯ ದಿನ ನನ್ನ ಅಂಗಡಿಗೆ ಮದುವೆ ಪತ್ರಿಕೆಗಳು ಬಂದು ಬಿದ್ದವು. ಅಷ್ಟರಲ್ಲಿ ಅವಳಿಗೆ ಕೀಲಿಗಳೂ ಪರಿಚಯವಾಗಿದ್ದವು. “ಕೆಳಗಿನ ಪಟ್ಟಿ ನೀನೇ ಮಾಡಮ್ಮ. ಮೊದಲನೆಯದು ಸೊನ್ನೆ, ಆಮ್ಯಾಲ ಸಾಲಾಗಿ ಹೋಗು, ಅಷ್ಟೇ,” ಎಂದು ಹೇಳಿ ಓಡಿದೆ. ಸೊನ್ನೆಯ ಆಮೇಲೆ ಏನು ಬರುತ್ತದೆ ಎಂದು ಹೇಳಲಿಲ್ಲ. ಯಾರು ಹೇಳುತ್ತಾರೆ ಸ್ವಾಮಿ? ಸೊನ್ನೆ ಆದಮೇಲೆ ಏನು ಎಂದು ಹಸುಗೂಸಿಗೂ ಗೊತ್ತಲ್ಲ ಎಂದುಕೊಂಡೆ.

ಕದರಮ್ಮ ರಟ್ಟುಗಳ ಮೇಲೆ ಸೀಮೆಸುಣ್ಣದಿಂದ ಮೂಲೆಮೂಲೆಗೂ ಅಂಕಿ ಬರೆದಳು. ಮೊದಲ ಮೂಲೆಗೆ ಬಾಯಲ್ಲಿ ‘ಲಾಭ’, ಕೈಯಲ್ಲಿ ಸೊನ್ನೆ. ಮುಂದಿನದಕ್ಕೆ ಎರಡು. ಅದರ ಮುಂದೆ ಮೂರು, ನಾಲ್ಕು, ಐದು, ಹೀಗೆ ಎಲ್ಲ ತುಂಡುಗಳನ್ನೂ ಸುತ್ತಿ ನೂರ ಎಂಬತ್ತೇಳರವರೆಗೆ. ಅವನ್ನೇ ನೋಡಿಕೊಂಡು ಕೆಳಗಿನ ಪಟ್ಟಿಯನ್ನೂ ಟೈಪು ಮಾಡಿದಳು. ಆ ರಟ್ಟುಗಳು ಎರಡು ದಿನ ಎಲ್ಲರ ಕಣ್ಣೆದುರೇ ನೇತಾಡಿದವು. ಸಾವುಕಾರರು ನೋಡಿದರು, ಜಂಬಯ್ಯ ನೋಡಿದರು, ಗುಂಡಿ ಹಾಕುವ ಹೆಂಗಸರೆಲ್ಲ ನೋಡಿದರು. ಒಬ್ಬರಿಗೂ ಏನೂ ತಪ್ಪು ಕಾಣಲಿಲ್ಲ. ಲಾಭ ಆದಮೇಲೆ ಎರಡೇ ತಾನೇ ಬರಬೇಕಾದ್ದು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಎಲ್ಲರೂ ಸುತ್ತ ನಿಂತರು. ಸಾವುಕಾರರು ಕಣ್ಣು ಮುಚ್ಚಿ ಕೈಮುಗಿದರು. ಫೈಲು ತೆರೆದೆ.

ಪರದೆಯ ಮೇಲೆ ಬಂದದ್ದು ಪ್ಯಾಂಟಲ್ಲ. ಮುಂಭಾಗದ ತುಂಡಿಗೆ ಸೊಂಟದ ಒಂದು ಮೂಲೆಯೇ ಇಲ್ಲ, ಅದರ ಬದಲು ಒಂದು ಚೂಪು ಕೈ ಚಾಚಿ ಹಿಂಭಾಗದ ತುಂಡಿನ ಮೂಲೆಯನ್ನು ಹಿಡಿದುಕೊಂಡಿತ್ತು. ಹಿಂಭಾಗದ್ದು ತನ್ನ ಮೂಲೆ ಬಿಟ್ಟು ಸೊಂಟಪಟ್ಟಿಯದನ್ನು ಹಿಡಿದಿತ್ತು. ಸೊಂಟಪಟ್ಟಿ ಜೇಬನ್ನು ಎಳೆಯುತ್ತಿತ್ತು. ಹೀಗೆ ಒಬ್ಬರದನ್ನು ಒಬ್ಬರು ಕಿತ್ತುಕೊಂಡು, ಕೊನೆಯ ಜೇಬು ಹಿಡಿಯಲು ಯಾರೂ ಸಿಗದೆ ಕುಂಟುತ್ತ ನಿಂತಿತ್ತು.

“ಇದನ್ನ ಹಾಕ್ಕೊಳ್ಳೋಕ ನಾಕು ಕಾಲು ಬೇಕು, ಒಂದು ಬಾಲಾನೂ ಬೇಕು,” ಎಂದರು ಜಂಬಯ್ಯ. ಅವರ ಮುಖದ ಮೇಲೆ ಹತ್ತು ವರ್ಷದಲ್ಲಿ ನಾನು ಕಾಣದ ಸಂತೋಷವಿತ್ತು.

ಅದೇ ಹೊತ್ತಿಗೆ ಫೋನು ಬಂತು. ಕಂಪನಿಯ ಸಾಹೇಬರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗಿದೆ, ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು ಬರುತ್ತೇನೆ ಎಂದರಂತೆ. ಸಾವುಕಾರರು ತಕ್ಷಣ ಹೋಟೆಲಿಗೆ ಫೋನು ಮಾಡಿದರು. “ನೋಡಪ್ಪ, ಇಡ್ಲಿ ಆದ್ಮ್ಯಾಲ ದ್ವಾಸಿ ಕೊಡು. ದ್ವಾಸಿ ಆದ್ಮ್ಯಾಲ ಉಪ್ಪಿಟ್ಟು ಕೊಡು. ಬ್ಯಾಡ ಅಂದ್ರೂ ಕೊಡು. ನಿದಾನಕ್ಕ ಕೊಡು!”

ನಾನು ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಅಂಗಿಯ ತುದಿಯಿಂದ ಸಿ.ಡಿ. ಒರೆಸಿದೆ. ವೈರಸ್ ಇರಬೇಕು ಎಂದೆ. ವೋಲ್ಟೇಜ್ ಕಡಿಮೆ ಎಂದೆ. ಬೆಂಗಳೂರಿನವರು ಹಳೇ ಸಿ.ಡಿ. ತಲೆಗೆ ಕಟ್ಟಿದ್ದಾರೆ ಎಂದು ಬೈದೆ. ಕದರಮ್ಮನ ಮುಖ ಸುಣ್ಣದಂತಾಗಿತ್ತು. ಅವಳು ನೆಲದ ಮೇಲೆ ಕೂತು, ಐದು ಮೂಲೆಯ ಜೇಬಿನ ರಟ್ಟನ್ನು ಎದುರಿಗಿಟ್ಟುಕೊಂಡು, ಸೆರಗಿನ ಗಂಟು ಬಿಚ್ಚಿ, ಹುರಿದ ಕಡಲೆಕಾಯಿ ತೆಗೆದಳು.

“ಇದು ಕಡ್ಲೆಕಾಯಿ ತಿನ್ನೋ ಹೊತ್ತೇನಮ್ಮ?” ಎಂದು ರೇಗಿದೆ. ನನ್ನ ಸಿಟ್ಟು ಯಾವಾಗಲೂ ಹಾಗೆ, ತಪ್ಪು ನನ್ನದಾದಷ್ಟೂ ಜೋರು.

ಅವಳು ತಿನ್ನಲಿಲ್ಲ. ಒಂದೊಂದು ಮೂಲೆಗೆ ಒಂದೊಂದು ಕಡಲೆಕಾಯಿ ಇಟ್ಟಳು. “ಲಾಭ. ಎರಡು. ಮೂರು. ನಾಕು. ಐದು.” ಆಮೇಲೆ ನನ್ನ ಕಡೆ ತಿರುಗಿ, “ಅಣ್ಣ, ಐದು ಮೂಲೆ ಇದ್ರೆ ನಿಮ್ ಪುಸ್ತಕದಲ್ಲಿ ಕೊನೇದು ಎಷ್ಟು ಅಂತ ಬರ್ದವ್ರೆ?” ಎಂದಳು.

“ನಾಲ್ಕು.”

“ನಂದು ಐದು ಬತ್ತೈತೆ. ಅಳತೇಲಿ ಒಂದು ಹೆಚ್ಚು ಬಂದ್ರೆ ನಡುವೆ ಎಲ್ಲೋ ಒಂದು ಹಾರೈತೆ ಅಂತ ನಮ್ಮಪ್ಪ ಹೇಳೋನು. ನಿಮ್ ಮಿಷಿನ್ಗೆ ಲಾಭ ಆದ್ಮೇಲೆ ಏನು ಬತ್ತೈತೆ?”

“ಒಂದು!”

“ಒಂದಾ?” ಎಂದಳು.

“ಒಂದಾ?” ಎಂದು ಜಂಬಯ್ಯ, ಸಾವುಕಾರರು, ಗುಂಡಿ ಹಾಕುವ ಹೆಂಗಸರು, ಇಡೀ ಯೂನಿಟ್ಟೇ ಕೇಳಿತು. ಲಾಭವನ್ನೂ ಎಣಿಸಿ ಆಮೇಲೆ ಒಂದನ್ನೂ ಎಣಿಸುವ ಪ್ರಾಣಿಯನ್ನು ಅವರು ಯಾರೂ ಕಂಡಿರಲಿಲ್ಲ.

ದೊಡ್ಡಮಲ್ಲಪ್ಪನವರು ಕಂಪ್ಯೂಟರನ್ನು ಹೊಸ ಗೌರವದಿಂದ ನೋಡಿದರು. “ಲಾಭಾನೂ ಬಿಡಂಗಿಲ್ಲ, ಮ್ಯಾಲ ಒಂದನ್ನೂ ಬಿಡಂಗಿಲ್ಲ. ಇದು ನಮ್ಮಪ್ಪನಂಥಾ ವ್ಯಾಪಾರಸ್ಥ ಕಣ್ರೋ!”

ರೋಗವೇನೋ ಗೊತ್ತಾಯಿತು, ಮದ್ದಿಗೆ ಹೊತ್ತಿರಲಿಲ್ಲ. ಸೊನ್ನೆಯೊಂದನ್ನು ಬಿಟ್ಟು ಉಳಿದ ನೂರ ಎಂಬತ್ತಾರು ಅಂಕಿಗಳನ್ನೂ ಒಂದೊಂದು ಕಡಿಮೆ ಮಾಡಬೇಕು. ಮದುವೆ ಪತ್ರಿಕೆಯಲ್ಲಿ ಒಂದು ಕಾಗುಣಿತ ತಿದ್ದಲೇ ನನಗೆ ಐದು ನಿಮಿಷ ಬೇಕು. ಅಷ್ಟರಲ್ಲಿ ಹೋಟೆಲಿನಿಂದ ಫೋನು: “ಸಾವ್ಕಾರ್ರೇ, ಸಾಹೇಬ್ರು ಉಪ್ಪಿಟ್ಟು ಮುಟ್ಟಲೇ ಇಲ್ರಿ, ಎದ್ದು ಹೊಂಟ್ರು.”

“ಮುಗೀತು,” ಎಂದು ನಾನು ಕೀಬೋರ್ಡು ತಳ್ಳಿದೆ.

“ನನ್ ಎಣಿಕೆ ಯಾಕೆ ಕೆಡಿಸ್ತೀರ?” ಎಂದಳು ಕದರಮ್ಮ. “ನನ್ ಎಣಿಕೇಲಿ ಒಂದಿಲ್ಲ. ನಿಮ್ ಮೇಲಿನ್ ಪಟ್ಟೀಲಿ ಲಾಭ ಆದ್ಮೇಲೆ ಒಂದು ಮೂಲೆ ಸುಮ್ನೆ ಸೇರ್ಸಿ. ಅದು ಒಂದು ಆಗ್ಲಿ. ಯಾವ್ ತುಂಡೂ ಅದನ್ನ ಕೇಳಲ್ಲ, ಮುಟ್ಟಲ್ಲ. ಆಮೇಲೆ ನನ್ ಎರಡು ಎರಡೇ ಆಗ್ತದೆ, ಮೂರು ಮೂರೇ ಆಗ್ತದೆ.”

ಹುಚ್ಚು ಮಾತು ಎನ್ನಲು ಹೊರಟವನು ಬೆರಳಲ್ಲಿ ಲೆಕ್ಕ ಹಾಕಿದೆ. ನೂರ ಎಂಬತ್ತಾರು ಅಂಕಿ ತಿದ್ದುವ ಬದಲು ಒಂದೇ ಒಂದು ಸಾಲು ಸೇರಿಸಿದರೆ, ಕೆಳಗಿನದೆಲ್ಲ ತಾನಾಗಿ ಒಂದು ಮೆಟ್ಟಿಲು ಜರುಗಿ ಅವಳ ಎಣಿಕೆಗೆ ಸರಿಹೋಗುತ್ತದೆ. ಇಪ್ಪತ್ತು ಸಾವಿರ ಕೊಟ್ಟು ಅನಂತಪುರದಲ್ಲಿ ಕೋರ್ಸು ಮಾಡಿದವನು ನಾನು. ನಾಚಿಕೆಯಾಯಿತು, ಕುರ್ಚಿ ಬಿಟ್ಟು ಎದ್ದೆ. ಕದರಮ್ಮ ಕೂತಳು. ಮೊದಲ ಸಾಲಿನ ಕೆಳಗೆ ಜಾಗ ಮಾಡಿ, ಒಂದು ಗಳಿಗೆ ಯೋಚಿಸಿ, ಯಾವುದೋ ಎರಡು ಅಂಕಿ ಒತ್ತಿದಳು. ಫೈಲಿನ ತಲೆಬರಹದಲ್ಲಿ ಒಟ್ಟು ಮೂಲೆಗಳ ಲೆಕ್ಕವೆಂದು ಬರೆದಿದ್ದ ನೂರ ಎಂಬತ್ತೇಳನ್ನು ನಾನು ಬಗ್ಗಿ ನೂರ ಎಂಬತ್ತೆಂಟು ಮಾಡಿದೆ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು.

ಕಂಪನಿಯವರು ಒಳಗೆ ಕಾಲಿಡುವಾಗ ಪರದೆಯ ಮೇಲೆ ಪ್ಯಾಂಟು ಮಲಗಿತ್ತು. ಹನ್ನೊಂದು ತುಂಡು, ಒಂದೂ ಇನ್ನೊಂದನ್ನು ಮುಟ್ಟದೆ, ಮರ್ಯಾದಸ್ತರ ಹಾಗೆ ಅಚ್ಚುಕಟ್ಟಾಗಿ. ತೊಡೆಸಂದಿನ ಬಾಗು ದುಂಡಗೆ ಕಂಡದ್ದನ್ನು ನೋಡಿ ಜಂಬಯ್ಯನವರ ಕಣ್ಣಲ್ಲಿ ನೀರು ಬಂತು. ಅದು ತನ್ನ ಕೈಚಳಕವೆಂದೇ ಅವರು ಇವತ್ತಿಗೂ ಹೇಳುತ್ತಾರೆ.

ಬಂದವರು ತೇಗುತ್ತ ಎಲ್ಲ ನೋಡಿ, ತಲೆ ಆಡಿಸಿ, ಫೈಲನ್ನೂ ಬಿಚ್ಚಿ ನೋಡಿದರು. ಬುದ್ಧಿವಂತ ಮನುಷ್ಯ, ಎರಡನೆಯ ಸಾಲಿನ ಹತ್ತಿರ ಬೆರಳು ನಿಂತಿತು.

“ಈ ಪಾಯಿಂಟು ಯಾವ ತುಂಡಿಗೂ ಸೇರಿಲ್ಲವಲ್ಲ. ಯಾರದ್ದು ಇದು?”

ದೊಡ್ಡಮಲ್ಲಪ್ಪನವರು ಮಂಡಿಯಲ್ಲಿ ಕೂತವರಂತೆ ಶಾಂತವಾಗಿ ಹೇಳಿದರು: “ಅದು ದೇವರ ಪಾಲು, ಸಾರ್. ನಮ್ಮ ಕಡೆ ಅಳೆಯೋ ಮುಂದ ಒಂದು ತೆಗೆದಿಡ್ತೀವಿ.”

“ಇರಲಿ ಬಿಡಿ, ಅದರಿಂದ ತೊಂದರೆಯೇನಿಲ್ಲ,” ಎಂದು ಅವರು ಆರ್ಡರಿಗೆ ಸಹಿ ಹಾಕಿದರು.

ಶುಕ್ರವಾರದ ಬಸ್ಸು ಕದರಮ್ಮನನ್ನು ಬಿಟ್ಟು ಹೋಯಿತು. ಕುರ್ಚಿ ಅವಳದಾಯಿತು. ಮುಂದಿನ ವರ್ಷಗಳಲ್ಲಿ ಅವಳು ಆರು ಜನ ಹೆಂಗಸರಿಗೆ ಈ ಕೆಲಸ ಕಲಿಸಿದಳು. ಈಗ ಊರಲ್ಲಿ ಮೂರು ಯೂನಿಟ್ಟುಗಳಲ್ಲಿ ತುಂಡುಗಳನ್ನು ಬರೆಯುವವರು ಅವಳ ಶಿಷ್ಯೆಯರೇ. ಅವರೆಲ್ಲ ಮೊದಲ ಮೂಲೆಗೆ ಲಾಭ, ಎರಡನೆಯದಕ್ಕೆ ಎರಡು ಎಂದೇ ಎಣಿಸುತ್ತಾರೆ, ನಡುವೆ ಯಾರೂ ಮುಟ್ಟದ ಒಂದು ಸಾಲನ್ನು ಹಾಗೇ ಇಡುತ್ತಾರೆ. ಯಾಕೆಂದು ಕೇಳಿದರೆ, “ಪದ್ಧತಿ ಕಣ್ರಿ,” ಎನ್ನುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನನ್ನ ಮಾತನ್ನು ಯಾರು ಕೇಳಬೇಕು?

ಆ ಗುರುವಾರವಾಗಿ ಒಂದು ವರ್ಷದ ಮೇಲೆ ಹೊಸ ಅಳತೆಯೊಂದಕ್ಕಾಗಿ ನಾನು ಅವಳ ಹಳೆಯ ಫೈಲನ್ನು ತೆರೆದಿದ್ದೆ. ಆವತ್ತು ಅವಸರದಲ್ಲಿ ಅವಳು ಒತ್ತಿದ ಅಂಕಿಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬರೀ ಸೊನ್ನೆ ಸೊನ್ನೆ ಹಾಕಿದ್ದರೂ ನಡೆಯುತ್ತಿತ್ತು. ಅಲ್ಲಿದ್ದದ್ದು ಬೇರೆ: ಬಲಕ್ಕೆ ಹದಿನಾಲ್ಕು, ಮೇಲಕ್ಕೆ ಮೂವತ್ತಾರು.

“ಇದ್ಯಾಕಮ್ಮ ಈ ಅಂಕಿ?” ಎಂದು ಕೇಳಿದೆ.

ಅವಳು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ಶಾಲೆಯ ಚೀಲ ನೇತುಹಾಕಿಕೊಂಡು ಅಂಜನಾ ಬಂದು ನಿಂತಳು. “ಅವ್ವಾ, ಹಸಿವಾಗೈತಿ, ಬಾ!” ಎಂದು ಕೂಗಿದಳು. ಊರಿನ ಹೆಸರು ಸೇರಿಸಲಿಲ್ಲ.

“ಅದು ಬೆಂಗ್ಳೂರಲ್ಲಿದ್ದ ನನ್ ಹಳೇ ಸೀಟು ಕಣಣ್ಣ,” ಎಂದು ಕದರಮ್ಮ ಎದ್ದು ಸೆರಗು ಕೊಡವಿದಳು. “ಅಲ್ಲೇ ಇರ್ಲಿ ಬಿಡಿ. ಯಾವ್ ತುಂಡೂ ಅದನ್ನ ಕೇಳಲ್ಲ.”